ಟೆಕ್ ಸಮಾವೇಶಕ್ಕೆ ಹೆಣ್ಣುಮಕ್ಕಳು ಬರಬೇಕು, ಮುಂದಿನ ವರ್ಷವೂ ಬರಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ನಾವೊಂದಷ್ಟು ಜನ ಸೇರಿ ಕೆಲವು ವರ್ಷಗಳಿಂದ ಸಣ್ಣದೊಂದು ಟೆಕ್ ಸಮಾವೇಶ ನಡೆಸುತ್ತಿದ್ದೇವೆ. ಯಾವುದಾದರೂ ಕಾಲೇಜಿನ ಸೆಮಿನಾರ್ ಹಾಲ್, ಒಂದು ಶನಿವಾರ, ಮಧ್ಯಾಹ್ನ ಪಲಾವ್ ಮೊಸರನ್ನ. ಅಷ್ಟೇ ನಮ್ಮ ವೈಭವ. ಮೈಸೂರು, ಮಂಡ್ಯ ಕಡೆಯ ಕಾಲೇಜಿನವರು, ಮೀಟಪ್ ನಡೆಸುವವರು ಆಗಾಗ ಫೋನ್ ಮಾಡಿ ಕೇಳುತ್ತಾರೆ: ಹೆಣ್ಣುಮಕ್ಕಳು ಬರುವ ಹಾಗೆ, ಬಂದವರು ಆರಾಮಾಗಿ ಇರುವ ಹಾಗೆ ಏನು ಮಾಡಬೇಕು? ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಹಾಗಾಗಿ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಇದರಲ್ಲಿ ಅರ್ಧ ನಾವು ಮಾಡಿದ ತಪ್ಪುಗಳಿಂದಲೇ ಕಲಿತದ್ದು.

ನಮ್ಮ ಹಾಲ್‌ನಲ್ಲಿ ಅರ್ಧಕ್ಕರ್ಧ ಹುಡುಗಿಯರೇ ಇರುತ್ತಾರೆ. ಇನ್ನೇನು ಸಮಸ್ಯೆ?

ಕಾಲೇಜಿನ ಕಾರ್ಯಕ್ರಮ ಆದರೆ ಇರುತ್ತಾರೆ. ಅಟೆಂಡೆನ್ಸ್ ಇದೆಯಲ್ಲ! ತಲೆ ಎಣಿಸಿದರೆ ಏನೂ ಗೊತ್ತಾಗುವುದಿಲ್ಲ. ಮೈಕ್ ಯಾರ ಕೈಗೆ ಹೋಯಿತು, ಪ್ರಶ್ನೆ ಯಾರು ಕೇಳಿದರು, ಟೀ ಬ್ರೇಕ್‌ನಲ್ಲಿ ಸ್ಪೀಕರ್ ಸುತ್ತ ಯಾರು ನಿಂತಿದ್ದರು, ಅದನ್ನು ನೋಡಿ.

ಮೊದಲ ವರ್ಷ ನಾವೂ ಗ್ರೂಪ್ ಫೋಟೋ ನೋಡಿಕೊಂಡು ಬೀಗಿದವರೇ. ಎರಡನೇ ವರ್ಷದ ಹೆಸರುಗಳ ಪಟ್ಟಿಯನ್ನು ಹಳೆಯ ಪಟ್ಟಿಯ ಪಕ್ಕ ಇಟ್ಟಾಗ ಗೊತ್ತಾಯಿತು. ಹುಡುಗರಲ್ಲಿ ತುಂಬಾ ಜನ ವಾಪಸ್ ಬಂದಿದ್ದರು. ಹೆಣ್ಣುಮಕ್ಕಳ ಹೆಸರು ಬಹುತೇಕ ಎಲ್ಲಾ ಹೊಸದು. ಹಳಬರಲ್ಲಿ ಕೆಲವರಿಗೆ ಫೋನ್ ಮಾಡಿದೆ. ಯಾರೂ ದೂರು ಹೇಳಲಿಲ್ಲ. "ಏನೂ ಆಗಲಿಲ್ಲ ಮೇಡಂ, ಸುಮ್ನೆ ಬರಬೇಕು ಅನ್ನಿಸಲಿಲ್ಲ" ಅಂದರು. ಆ "ಸುಮ್ನೆ" ಒಳಗೆ ಏನೇನಿದೆ ಅಂತ ಬಿಡಿಸಿಕೊಳ್ಳಲು ನಮಗೆ ಎರಡು ವರ್ಷ ಹಿಡಿಯಿತು. ಈಗ ನಾವು ಇಟ್ಟುಕೊಂಡಿರುವ ಲೆಕ್ಕ ಒಂದೇ: ಹೋದ ಸಲ ಬಂದವಳು ಈ ಸಲ ಬಂದಳಾ?

ಮೊದಲು ಯಾವುದನ್ನು ಸರಿ ಮಾಡಬೇಕು?

ಟಾಯ್ಲೆಟ್. ನಗಬೇಡಿ.

ಒಂದು ಸಲ ನಾವು ಬಾಡಿಗೆಗೆ ಹಿಡಿದ ಹಾಲ್‌ನಲ್ಲಿ ಹೆಂಗಸರ ಟಾಯ್ಲೆಟ್‌ಗೆ ಬೀಗ. ಬೀಗದ ಕೈ ವಾಚ್‌ಮನ್ ಜೇಬಿನಲ್ಲಿ. ವಾಚ್‌ಮನ್ ಊಟಕ್ಕೆ ಮನೆಗೆ ಹೋಗಿದ್ದರು. ಗಂಡಸರದ್ದು ಮಾತ್ರ ಬಾಗಿಲು ತೆರೆದುಕೊಂಡು ನಿಂತಿತ್ತು. ಮಧ್ಯಾಹ್ನದ ಸೆಷನ್ ಹೊತ್ತಿಗೆ ಎಷ್ಟೋ ಹುಡುಗಿಯರು ಬ್ಯಾಗ್ ತಗೊಂಡು ಹೊರಟೇಬಿಟ್ಟರು. ನಾವು "ಊಟ ಆದಮೇಲೆ ಯಾರೂ ಕೂರಲ್ಲ ಬಿಡಿ" ಅಂದುಕೊಂಡೆವು. ನಿಜ ಗೊತ್ತಾದದ್ದು ವಾರದ ನಂತರ, ಅದೂ ಒಬ್ಬಳು ಗೆಳತಿಯ ಹತ್ತಿರ ಹೇಳಿದ್ದು ನನ್ನ ಕಿವಿಗೆ ಬಿದ್ದಾಗ.

ಅಂದಿನಿಂದ ಜಾಗ ನೋಡಲು ಹೋಗುವಾಗ ಪ್ರೊಜೆಕ್ಟರ್‌ಗಿಂತ ಮೊದಲು ಟಾಯ್ಲೆಟ್ ನೋಡುತ್ತೇವೆ. ಚಿಲಕ ಬೀಳತ್ತಾ, ನೀರು ಬರತ್ತಾ, ಕಸದ ಬುಟ್ಟಿ ಇದೆಯಾ, ಬ್ಯಾಗ್ ನೇತು ಹಾಕಲು ಒಂದು ಮೊಳೆ ಇದೆಯಾ. ಒಂದು ಡಬ್ಬದಲ್ಲಿ ಸ್ಯಾನಿಟರಿ ಪ್ಯಾಡ್ ಒಳಗೇ ಇಡುತ್ತೇವೆ. ಯಾರನ್ನೂ ಕೇಳಿ ಪಡೆಯುವ ಹಾಗಿರಬಾರದು. ಖರ್ಚು ಒಂದು ಫ್ಲೆಕ್ಸ್ ಬ್ಯಾನರ್‌ಗಿಂತ ಕಡಿಮೆ.

ದಿನ, ಹೊತ್ತು ಹೇಗೆ ಗೊತ್ತು ಮಾಡೋದು?

ಬೆಳಗ್ಗೆ ಹತ್ತಕ್ಕೆ ಶುರು, ನಾಲ್ಕಕ್ಕೆ ಮುಗಿತಾಯ. ಮುಗಿತಾಯ ಅಂದರೆ ನಿಜವಾಗಲೂ ಮುಗಿಯಬೇಕು. ಉದ್ಘಾಟನೆ ಒಂದು ಗಂಟೆ ತಡವಾಗಿ, ಮುಖ್ಯ ಅತಿಥಿಯ ಭಾಷಣ ಉದ್ದವಾಗಿ, ಎಲ್ಲಾ ಸೆಷನ್ ಹಿಂದಕ್ಕೆ ಹೋದರೆ ಪೆಟ್ಟು ಬೀಳುವುದು ದೂರದಿಂದ ಬಂದವರಿಗೆ.

ಮೈಸೂರಿನಿಂದ ಮಂಡ್ಯಕ್ಕೆ ಸುಮಾರು 45 ಕಿಲೋಮೀಟರ್. ರಾತ್ರಿಯೂ ಬಸ್ ಸಿಗತ್ತೆ, ಅದೇನೂ ತೊಂದರೆ ಇಲ್ಲ. ತೊಂದರೆ ಇರುವುದು ಅಲ್ಲಿಂದ ಮುಂದಕ್ಕೆ. ನಾಗಮಂಗಲದ ಕಡೆಯ ಹಳ್ಳಿಗೆ, ಮದ್ದೂರಿನಾಚೆ ಒಳರಸ್ತೆಗೆ ಹೋಗುವ ಕೊನೆ ಬಸ್ ತಪ್ಪಿದರೆ ಅಣ್ಣನೋ ಅಪ್ಪನೋ ಬೈಕ್ ತಗೊಂಡು ಬರಬೇಕು. ಒಂದು ಸಲ ಹಾಗೆ ಬಂದರೆ, ಎರಡನೇ ಸಲ "ಯಾಕವ್ವಾ, ಅಲ್ಲಿಗೆ ಹೋಗಲೇಬೇಕಾ?" ಅನ್ನುತ್ತಾರೆ.

ಶಕ್ತಿ ಯೋಜನೆ ಬಂದಮೇಲೆ, ಅಂದರೆ 2023ರ ಜೂನ್ 11ರಿಂದ, ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್‌ಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ವಿದ್ಯಾರ್ಥಿನಿಯರಿಗೆ ಇದು ದೊಡ್ಡ ಅನುಕೂಲ. ನಮ್ಮ ಆಹ್ವಾನದಲ್ಲಿ ಈಗ ಸಬರ್ಬನ್ ಬಸ್ ನಿಲ್ದಾಣದಿಂದ ಹಾಲ್‌ಗೆ ಯಾವ ಸಿಟಿ ಬಸ್, ಎಲ್ಲಿ ಇಳಿಯಬೇಕು, ಎಷ್ಟು ನಡಿಗೆ ಅಂತ ಬರೆಯುತ್ತೇವೆ. "ಲೊಕೇಶನ್ ಹಾಕಿದ್ದೀವಲ್ಲ" ಅನ್ನಬೇಡಿ. ಮ್ಯಾಪ್‌ನಲ್ಲಿ ನಾಯಿಗಳು ಕಾಣುವುದಿಲ್ಲ, ಬೀದಿದೀಪ ಇಲ್ಲದ ರಸ್ತೆಯೂ ಕಾಣುವುದಿಲ್ಲ.

ದಿನದ ಬಗ್ಗೆ: ಗೌರಿ ಹಬ್ಬ, ವರಮಹಾಲಕ್ಷ್ಮಿ ಹಬ್ಬದ ಆಸುಪಾಸು ಬೇಡ. ಮನೆಯಲ್ಲಿ ಕೆಲಸ ಯಾರ ತಲೆ ಮೇಲೆ ಬೀಳತ್ತೆ ಅಂತ ಹೇಳಬೇಕಾಗಿಲ್ಲ. ದಸರಾ ಹೊತ್ತಿಗಂತೂ ಮೈಸೂರಿನಲ್ಲಿ ರೂಮ್ ಕೇಳಲೇಬೇಡಿ.

ಹುಡುಗಿಯ ಅಪ್ಪ ಜೊತೆಗೆ ಬಂದರೆ ಏನು ಮಾಡೋದು? ವಿಚಿತ್ರ ಅನ್ನಿಸುತ್ತೆ.

ಒಳಗೆ ಕರೆದು ಕೂರಿಸಿ.

ಒಂದು ಸಲ ಪಾಂಡವಪುರದ ಕಡೆಯಿಂದ ಎರಡನೇ ವರ್ಷದ ವಿದ್ಯಾರ್ಥಿನಿ ಬಂದಿದ್ದಳು. ಅವಳ ಅಪ್ಪ ಗೇಟಿನಾಚೆ ಹೊಂಗೆ ಮರದ ಕೆಳಗೆ ಕಲ್ಲುಬೆಂಚಿನ ಮೇಲೆ ಪೇಪರ್ ಹಿಡಿದು ಕೂತಿದ್ದರು. ಬೆಳಗ್ಗೆ ಕೂತವರು ಹನ್ನೊಂದೂವರೆಗೂ ಅಲ್ಲೇ. ನಮ್ಮ ಹುಡುಗನೊಬ್ಬ ಹೋಗಿ ಕಾಫಿ ಕೊಟ್ಟು, "ಬನ್ನಿ ಸಾರ್, ಒಳಗೆ ಫ್ಯಾನ್ ಇದೆ" ಅಂದ. ಅವರು ಚಪ್ಪಲಿ ಬಾಗಿಲ ಹೊರಗೇ ಬಿಟ್ಟು ಬಂದು ಕೊನೆಯ ಸಾಲಿನಲ್ಲಿ ಕೂತರು. ಹಾಲ್ ತುಂಬಾ ಶೂ ಹಾಕಿಕೊಂಡವರ ನಡುವೆ ಬರಿಗಾಲಲ್ಲಿ. ಸೈಬರ್ ವಂಚನೆ ಬಗ್ಗೆ ಒಂದು ಸೆಷನ್ ಇತ್ತು. ಅದು ಮುಗಿದ ಮೇಲೆ ಅವರೇ ಕೈ ಎತ್ತಿ, ಬ್ಯಾಂಕಿನವರು ಅಂತ ಹೇಳಿಕೊಂಡು ಬಂದ ಒಂದು ಕರೆಯ ಬಗ್ಗೆ ಕೇಳಿದರು. ಅವತ್ತಿನ ಒಳ್ಳೆಯ ಪ್ರಶ್ನೆ ಅದೇ ಅಂತ ನನ್ನ ಅಭಿಪ್ರಾಯ. ಮುಂದಿನ ವರ್ಷ ಆ ಹುಡುಗಿ ಒಬ್ಬಳೇ ಬಂದಳು, ಜೊತೆಗೆ ಇಬ್ಬರು ಗೆಳತಿಯರನ್ನೂ ಕರೆತಂದಳು.

ಆಗಿನಿಂದ ಆಹ್ವಾನದಲ್ಲಿ ಒಂದು ಸಾಲು ಸೇರಿಸಿದ್ದೇವೆ: ಮನೆಯವರು ಜೊತೆಗೆ ಬಂದರೆ ಅವರಿಗೂ ಊಟ ಇದೆ.

ಮಹಿಳಾ ಸ್ಪೀಕರ್‌ಗಳನ್ನು ಕೇಳಿದೆವು, ಯಾರೂ ಒಪ್ಪಲಿಲ್ಲ. ಇನ್ನೇನು ಮಾಡೋಣ?

ಯಾವಾಗ ಕೇಳಿದಿರಿ, ಏನಂತ ಕೇಳಿದಿರಿ ಅನ್ನುವುದು ಮುಖ್ಯ. ಹತ್ತು ದಿನ ಮುಂಚೆ "ಮೇಡಂ, ನಮ್ಮ ಕಾರ್ಯಕ್ರಮದಲ್ಲಿ ಲೇಡಿ ಸ್ಪೀಕರ್ ಯಾರೂ ಇಲ್ಲ, ನೀವು ಬರಲೇಬೇಕು" ಅಂದರೆ ನಾನೂ ಬರುವುದಿಲ್ಲ. ಅದು ಕರೆದ ಹಾಗಲ್ಲ, ಖಾಲಿ ಕುರ್ಚಿ ತುಂಬಿಸಿದ ಹಾಗೆ.

ಎರಡು ಮೂರು ತಿಂಗಳು ಮುಂಚೆ ಕೇಳಿ. ಆಫೀಸಿನಲ್ಲಿ ಒಪ್ಪಿಗೆ ಪಡೆಯಬೇಕು, ಮನೆಯಲ್ಲಿ ಹೊಂದಿಸಿಕೊಳ್ಳಬೇಕು. ವಿಷಯ ಹಿಡಿದು ಕೇಳಿ: "ನೀವು ಹೋದ ತಿಂಗಳು ಡೇಟಾಬೇಸ್ ಬದಲಾಯಿಸಿದಿರಲ್ಲ, ಅದರಲ್ಲಿ ಏನು ಕೆಟ್ಟುಹೋಯಿತು ಅಂತ ಇಪ್ಪತ್ತು ನಿಮಿಷ ಹೇಳ್ತೀರಾ?" ಹೀಗೆ ಕೇಳಿದಾಗ ಸಿಗುವ ಉತ್ತರವೇ ಬೇರೆ. "ನನಗೇನು ಅಷ್ಟು ಗೊತ್ತಿಲ್ಲಪ್ಪ" ಅಂದರೆ ಅದನ್ನು ಬೇಡ ಅಂತ ತಿಳಿಯಬೇಡಿ. ಇನ್ನೊಂದು ಸಲ ಕೇಳಿ. ನಮ್ಮಲ್ಲಿ ಊಟಕ್ಕೆ ಬಡಿಸುವಾಗ ಒಂದೇ ಸಲ ಕೇಳಿ ಬಿಡ್ತೀವಾ?

ಇದು ನನ್ನ ಕಟ್ಟುಕಥೆಯಲ್ಲ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಬಳಸುವವರು ಅಮೆರಿಕದಲ್ಲಿ ನಡೆಸುವ ಪೈಕಾನ್ ಸಮಾವೇಶದಲ್ಲಿ 2011ರಲ್ಲಿ ಭಾಷಣಕಾರರಲ್ಲಿ ಮಹಿಳೆಯರು ಶೇಕಡಾ 1ರಷ್ಟು. 2016ರ ಹೊತ್ತಿಗೆ ಅದು ಶೇಕಡಾ 40. ಆ ಸಮಾವೇಶದ ಸಂಘಟಕರಲ್ಲೊಬ್ಬರಾದ ಜೆಸಿಕಾ ಮೆಕೆಲರ್ ಮತ್ತು ಜೊತೆಯವರು ಕೂತು ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಬರೆದು, ಏನು ಮಾತಾಡುತ್ತೀರಿ ಅನ್ನುವ ಪ್ರಸ್ತಾವ ಕಳಿಸಿ ಅಂತ ಹುರಿದುಂಬಿಸಿದ ಕೆಲಸಕ್ಕೆ ಇದರಲ್ಲಿ ದೊಡ್ಡ ಪಾಲಿದೆ. ಯಾವ ಮಂತ್ರವೂ ಇಲ್ಲ, ಬೇಜಾನ್ ಮೇಲ್ ಅಷ್ಟೇ.

ನಾವು ಇನ್ನೊಂದು ಮಾಡಿದೆವು. ಏಳೇ ನಿಮಿಷದ ಪುಟ್ಟ ಮಾತುಗಳಿಗೆ ಒಂದು ಗಂಟೆ ಇಟ್ಟೆವು, ಹಿಂದಿನ ಭಾನುವಾರ ರಿಹರ್ಸಲ್ ಇಟ್ಟೆವು. ಮಂಡ್ಯದ ಒಬ್ಬ ವಿದ್ಯಾರ್ಥಿನಿ ಅವರ ಕಬ್ಬಿನ ಗದ್ದೆಯ ಪಂಪ್‌ಸೆಟ್‌ಗೆ ಮಿಸ್ಡ್ ಕಾಲ್ ಕೊಟ್ಟರೆ ಚಾಲೂ ಆಗುವ ಸ್ಟಾರ್ಟರ್ ಕಟ್ಟಿದ್ದಳು. ತ್ರೀಫೇಸ್ ಕರೆಂಟ್ ರಾತ್ರಿ ಎರಡಕ್ಕೆ ಬಂದರೆ ಅಪ್ಪ ಟಾರ್ಚ್ ಹಿಡಿದು ಗದ್ದೆಗೆ ಹೋಗಬೇಕಿತ್ತು, ಅದಕ್ಕೇ ಮಾಡಿದೆ ಅಂದಳು. ರಿಹರ್ಸಲ್‌ನಲ್ಲಿ ಮೂರು ಸಲ ನಿಂತುಹೋದಳು. ಶನಿವಾರ ಒಂದು ಸಲವೂ ನಿಲ್ಲಲಿಲ್ಲ. ರಿಲೇ ಸುಟ್ಟು ಹೊಗೆ ಬಂದ ಕಥೆಗೆ ಹಾಲ್ ಪೂರ್ತಿ ನಕ್ಕಿತು.

ಹೀಗೆ ಹುಡುಕಿ ಹುಡುಕಿ ಕರೆದರೆ ಗುಣಮಟ್ಟ ಇಳಿಯೋದಿಲ್ವಾ?

ಪ್ರಸ್ತಾವಗಳನ್ನು ಹೆಸರು, ಕಂಪನಿ, ಫೋಟೋ ಎಲ್ಲಾ ಮುಚ್ಚಿ ಓದಿ. ಆಮೇಲೆ ಮಾತಾಡೋಣ. 2012ರಲ್ಲಿ ಬರ್ಲಿನ್‌ನ ಜೆಎಸ್‌ಕಾನ್ಫ್ ಇಯು ಅನ್ನುವ ಜಾವಾಸ್ಕ್ರಿಪ್ಟ್ ಪ್ರೋಗ್ರಾಮರ್‌ಗಳ ಸಮಾವೇಶದವರು ಮೊದಲು ಮಹಿಳೆಯರಿಗೆ ಪ್ರಸ್ತಾವ ಕಳಿಸಿ ಅಂತ ದುಂಬಾಲು ಬಿದ್ದರು, ಆಮೇಲೆ ಹೆಸರು ನೋಡದೆ ಆರಿಸಿದರು. ಭಾಷಣಕಾರರಲ್ಲಿ ಶೇಕಡಾ 25 ಮಹಿಳೆಯರಾದರು. ಕರೆಯುವುದು ಒಂದು ಕೆಲಸ, ಆರಿಸುವುದು ಇನ್ನೊಂದು ಕೆಲಸ. ಎರಡನ್ನೂ ಕಲಸಿದಾಗಲೇ ಈ ಪ್ರಶ್ನೆ ಹುಟ್ಟುವುದು.

"ಮಹಿಳೆ ಮತ್ತು ತಂತ್ರಜ್ಞಾನ" ಅಂತ ಒಂದು ಪ್ಯಾನೆಲ್ ಇಟ್ಟರೆ ಸಾಕಾ?

ಇಡಿ, ಬೇಡ ಅನ್ನಲ್ಲ. ಆದರೆ ಬಂದ ನಾಲ್ಕು ಜನ ಮಹಿಳಾ ಇಂಜಿನಿಯರ್‌ಗಳನ್ನೂ ಅದೇ ಪ್ಯಾನೆಲ್‌ನಲ್ಲಿ ಕೂರಿಸಿ, "ಮನೆ, ಕೆಲಸ ಎರಡನ್ನೂ ಹೇಗೆ ನಿಭಾಯಿಸ್ತೀರಾ?" ಅಂತ ಕೇಳಿ ಕಳಿಸಿದರೆ ಅವರ ಹದಿನೈದು ವರ್ಷದ ಅನುಭವ ಹಾಳು ಮಾಡಿದ ಹಾಗೆ. ಆ ಪ್ರಶ್ನೆಯನ್ನು ಒಂದು ಸಲ ಗಂಡಸರ ಪ್ಯಾನೆಲ್‌ಗೆ ಕೇಳಿ ನೋಡಿ. ನಾನು ಕೇಳಿದ್ದೆ. ಒಬ್ಬರು ಮೈಕ್ ಪಕ್ಕದವರಿಗೆ ಕೊಟ್ಟರು. ಅವರು ಅದನ್ನು ಅವರ ಪಕ್ಕದವರಿಗೆ ಕೊಟ್ಟರು.

ದೀಪ ಬೆಳಗುವಾಗ ಹುಡುಗಿಯರು ಸೀರೆ ಉಟ್ಟು ನಿಂತರೆ ಚೆನ್ನಾಗಿರತ್ತೆ, ಅದರಲ್ಲಿ ತಪ್ಪೇನು?

ಸೀರೆ ಚೆನ್ನಾಗೇ ಇರತ್ತೆ. ಆದರೆ ನಮ್ಮ ಕಾಲೇಜು ಕಾರ್ಯಕ್ರಮಗಳ ಕೆಲಸ ಹಂಚಿಕೆ ಗಮನಿಸಿ. ಪ್ರಾರ್ಥನೆ ಹಾಡುವುದು ಹುಡುಗಿಯರು. ತಟ್ಟೆಯಲ್ಲಿ ಹೂಗುಚ್ಛ ಹಿಡಿದು ನಿಲ್ಲುವುದು ಹುಡುಗಿಯರು. ನಿರೂಪಣೆ, ರಂಗೋಲಿ, ಕುಂಕುಮ ಹಚ್ಚಿ ಸ್ವಾಗತ, ಅದೂ ಅವರದ್ದೇ. ಪ್ರೊಜೆಕ್ಟರ್, ಸೌಂಡ್, ವೈಫೈ, ಸ್ಪೀಕರ್ ಜೊತೆ ಒಡನಾಟ ಹುಡುಗರದ್ದು. ದಿನದ ಕೊನೆಗೆ ಯಾರಿಗೆ ನೆಟ್‌ವರ್ಕ್ ಬಗ್ಗೆ ನಾಲ್ಕು ಮಾತು ಗೊತ್ತಾಯಿತು, ಯಾರಿಗೆ ಸ್ಪೀಕರ್ ನಂಬರ್ ಸಿಕ್ಕಿತು? ಸರದಿ ಹಾಕಿ. ಹುಡುಗರೂ ಮಲ್ಲಿಗೆ ಹಾರ ಹಿಡಿದು ನಿಲ್ಲಲಿ, ಚೆನ್ನಾಗೇ ಕಾಣುತ್ತಾರೆ.

ವೇದಿಕೆ ಮೇಲೆ ಸಣ್ಣಪುಟ್ಟ ವಿಷಯ ಏನಾದರೂ ಇದೆಯಾ?

ಮೈಕ್. ಕಾಲರ್ ಮೈಕ್ ಮಾಡಿರುವುದೇ ಶರ್ಟ್, ಬೆಲ್ಟ್ ಇರುವವರಿಗೆ. ಕುರ್ತಾಗೆ ಬೆಲ್ಟ್ ಎಲ್ಲಿಂದ ಬರಬೇಕು? ಜೇಬೂ ಇಲ್ಲ. ಮೈಕ್‌ನ ವೈರಿನ ತುದಿಯಲ್ಲಿರುವ, ಬೆಲ್ಟ್‌ಗೆ ಸಿಕ್ಕಿಸುವ ಡಬ್ಬಿಯನ್ನು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಸ್ಲೈಡ್ ಬದಲಾಯಿಸುತ್ತಾ, ದುಪ್ಪಟ್ಟಾ ಮೈಕ್‌ಗೆ ಉಜ್ಜಿ ಕರಕರ ಅನ್ನುತ್ತಿರುವಾಗ ಯಾರು ತಾನೇ ಸಮಾಧಾನವಾಗಿ ಮಾತಾಡುತ್ತಾರೆ? ಜೊತೆಗೆ ಸೌಂಡ್ ಹುಡುಗ ಬಂದು ತಾನೇ ಮೈಕ್ ಸಿಕ್ಕಿಸಲು ಕೈ ಹಾಕುತ್ತಾನೆ, ಪಾಪ, ಅವನಿಗೂ ಮುಜುಗರ. ಕೈಯಲ್ಲಿ ಹಿಡಿಯುವ ಮೈಕ್, ಸ್ಟ್ಯಾಂಡ್ ಮೈಕ್ ಎರಡೂ ಇಡಿ. ಯಾವುದು ಬೇಕು ಅಂತ ಅವರನ್ನೇ ಕೇಳಿ. ಪೋಡಿಯಂ ಎತ್ತರ ಇದ್ದರೆ ಹಿಂದೆ ಒಂದು ಮಣೆ ಹಾಕಿ.

ಟೀ ಶರ್ಟ್ ಹಂಚುವುದಾದರೆ ಹೆಂಗಸರ ಅಳತೆಯಲ್ಲೂ ತರಿಸಿ. ನಮ್ಮ ಮನೆಯಲ್ಲಿ ಎಕ್ಸ್‌ಎಲ್ ಟೀ ಶರ್ಟ್‌ಗಳೆಲ್ಲ ಈಗ ನೆಲ ಒರೆಸುತ್ತಿವೆ.

ಮಂಡ್ಯ ಕಡೆಯ ಹುಡುಗಿಯರು ಬಾಯೇ ಬಿಡುವುದಿಲ್ಲ. ನಾಚಿಕೆ ಜಾಸ್ತಿ ಅಲ್ವಾ?

ನಾಚಿಕೆ ಅಲ್ಲ, ಇಂಗ್ಲಿಷು. ಹೊರಗೆ ಟೀ ಕುಡಿಯುವಾಗ ಕೇಳಿ ನೋಡಿ, ಯಾರು ಬಾಯಿ ಬಿಡುವುದಿಲ್ಲ ಅಂತ! ಸ್ಪೀಕರ್ ಬೆಂಗಳೂರಿನವರು, ಇಂಗ್ಲಿಷಿನಲ್ಲಿ ಶುರು ಮಾಡುತ್ತಾರೆ, ಪ್ರಶ್ನೆಯೂ ಇಂಗ್ಲಿಷಿನಲ್ಲೇ ಇರಬೇಕು ಅನ್ನುವುದು ತಾನಾಗೇ ನಿರ್ಧಾರ ಆಗಿಬಿಡತ್ತೆ. ಕನ್ನಡದಲ್ಲಿ ಕೇಳಿದರೂ "ಬತ್ತದೆ, ಹೋಯ್ತದೆ" ಅಂದಾಗ ಮೈಸೂರಿನವರೇ ಮುಸಿಮುಸಿ ನಗುವುದನ್ನು ನಾನು ನೋಡಿದ್ದೇನೆ. ಒಂದು ಸಲ ಹಾಗೆ ನಕ್ಕರೆ ಆ ಕೈ ಮತ್ತೆ ಮೇಲೇಳುವುದಿಲ್ಲ.

ನಾವು ಮಾಡುವುದು ಇಷ್ಟು. ನಿರೂಪಕರು ಮೊದಲ ಪ್ರಶ್ನೆಯನ್ನು ಬೇಕಂತಲೇ ಕನ್ನಡದಲ್ಲಿ ಕೇಳುತ್ತಾರೆ. ಚೀಟಿಯಲ್ಲಿ ಬರೆದು ಕೊಡಬಹುದು, ಹೆಸರು ಬೇಡ. ಆಮೇಲೆ ಸಭಿಕರ ಕಡೆಯಿಂದ ಮೊದಲ ಪ್ರಶ್ನೆ ಹೆಣ್ಣುಮಗಳಿಗೆ ಸಿಕ್ಕರೆ ಆಮೇಲೆ ಇನ್ನಷ್ಟು ಕೈ ಏಳುತ್ತವೆ ಅನ್ನುವುದು ನಮ್ಮ ಹಾಲ್‌ನಲ್ಲಂತೂ ನಿಜ. ಮತ್ತೆ, "ಇದು ಪ್ರಶ್ನೆ ಅಲ್ಲ, ನನ್ನ ಅನಿಸಿಕೆ" ಅಂತ ಐದು ನಿಮಿಷ ಕೊರೆಯುವ ಮಹಾಶಯರಿಂದ ಮೈಕ್ ವಾಪಸ್ ತಗೊಳ್ಳಲು ಒಬ್ಬ ಧೈರ್ಯಸ್ಥರನ್ನು ನೇಮಿಸಿ.

ನೀತಿಸಂಹಿತೆ ಬೇಕಾ? ನಮ್ಮ ಊರಿನ ಜನ ಸಭ್ಯರೇ.

ಸಭ್ಯರಿಗೆ ಅದರಿಂದ ನಷ್ಟವೇನೂ ಇಲ್ಲವಲ್ಲ. ಪೈಥಾನ್ ಭಾಷೆಯ ಉಸ್ತುವಾರಿ ನೋಡುವ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ 2012ರಲ್ಲೇ, ನೀತಿಸಂಹಿತೆ ಇಲ್ಲದ ಸಮಾವೇಶಕ್ಕೆ ದುಡ್ಡು ಕೊಡುವುದಿಲ್ಲ ಅಂತ ನಿರ್ಧರಿಸಿತು.

ಆದರೆ ಬೇರೆಯವರದ್ದನ್ನು ಹಾಗೇ ಅಂಟಿಸಿ ಕೈ ತೊಳೆದುಕೊಳ್ಳಬೇಡಿ. ಇಂಗ್ಲಿಷಿನಲ್ಲಿ ನಾಲ್ಕು ಪುಟ ಇದ್ದರೆ ಯಾರೂ ಓದುವುದಿಲ್ಲ. ಕನ್ನಡದಲ್ಲಿ ಅರ್ಧ ಪುಟ ಸಾಕು. ಏನು ಮಾಡಬಾರದು ಅಂತ ನೇರವಾಗಿ ಹೇಳಿ: ಮೈಮುಟ್ಟಿ ಮಾತಾಡಿಸುವುದು, ಬೇಡ ಅಂದಮೇಲೂ ಹಿಂದೆ ಬೀಳುವುದು, ರೂಪ ಬಟ್ಟೆ ಬಗ್ಗೆ ಮಾತು, ಸ್ಲೈಡ್‌ನಲ್ಲಿ ಅಸಹ್ಯ ಜೋಕ್, ಕೇಳದೆ ಫೋಟೋ. ಕೆಳಗೆ ಇಬ್ಬರ ಹೆಸರು, ಫೋನ್ ನಂಬರ್, ಅದರಲ್ಲಿ ಒಬ್ಬರಾದರೂ ಹೆಂಗಸು. ಆ ಇಬ್ಬರನ್ನು ಉದ್ಘಾಟನೆಯಲ್ಲಿ ಎದ್ದು ನಿಲ್ಲಿಸಿ ತೋರಿಸಿ. ಮುಖ ಗೊತ್ತಿದ್ದರೆ ಹೋಗಿ ಹೇಳುತ್ತಾರೆ, ನಂಬರ್ ಒಂದೇ ಇದ್ದರೆ ಸುಮ್ಮನಾಗುತ್ತಾರೆ.

ದೂರು ಬಂದೇಬಿಟ್ಟರೆ?

ಮೊದಲು ಕೇಳಿಸಿಕೊಳ್ಳಿ. "ಅವರು ಹಾಗೆ ಮಾಡೋರಲ್ಲ", "ತಮಾಷೆಗೆ ಅಂದಿರಬೇಕು", "ಕಾಲೇಜಿನ ಹೆಸರು ಹಾಳಾಗತ್ತೆ", ಈ ಮೂರು ಮಾತು ಬಾಯಿಂದ ಬರಬಾರದು. ನಾನು ಚಿಕ್ಕವಳಿದ್ದಾಗ, ಬೇರೆ ಊರಿನ ಒಂದು ಸಮಾವೇಶದಲ್ಲಿ ಹಿರಿಯರೊಬ್ಬರು ಹೆಗಲ ಮೇಲೆ ಕೈ ಇಟ್ಟವರು ತೆಗೆಯಲೇ ಇಲ್ಲ. ಸಂಘಟಕರಿಗೆ ಹೇಳಿದೆ. "ಅವರು ಎಲ್ಲರ ಜೊತೆನೂ ಹಾಗೇ, ಪ್ರೀತಿ ಜಾಸ್ತಿ" ಅಂದರು. ಆ ಸಮಾವೇಶಕ್ಕೆ ನಾನು ಮತ್ತೆ ಹೋಗಿಲ್ಲ.

ಹೇಳಿದವಳಿಗೆ ಏನು ಬೇಕು ಅಂತ ಕೇಳಿ. ಕೆಲವೊಮ್ಮೆ ಆ ಮನುಷ್ಯ ಹತ್ತಿರ ಬರದಂತೆ ನೋಡಿಕೊಂಡರೆ ಸಾಕು ಅನ್ನುತ್ತಾರೆ. ಆ ವ್ಯಕ್ತಿಯನ್ನು ಹೊರಗೆ ಕರೆದು ಮಾತಾಡಿ, ಬೇಕಾದರೆ ಮನೆಗೆ ಕಳಿಸಿ, ಅವರು ಪ್ರಾಯೋಜಕರ ಕಡೆಯವರಾದರೂ ಸರಿ. ಇಬ್ಬರನ್ನೂ ಎದುರುಬದುರು ಕೂರಿಸಿ ರಾಜಿ ಪಂಚಾಯ್ತಿ ಮಾಡಬೇಡಿ. ನಡೆದದ್ದನ್ನು ಅವತ್ತೇ, ಹೊತ್ತು ಹಾಕಿ ಬರೆದಿಡಿ.

ಕಾನೂನಿನ ದಾರಿಯೂ ಗೊತ್ತಿರಲಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಕಾಯ್ದೆ ಬಂದದ್ದು 2013ರಲ್ಲಿ. ಎಲ್ಲರೂ ಅದನ್ನು ಪಾಶ್ ಅನ್ನುತ್ತಾರೆ. ಅದರ ಪ್ರಕಾರ ಕೆಲಸದ ಸ್ಥಳ ಅಂದರೆ ಆಫೀಸಿನ ನಾಲ್ಕು ಗೋಡೆ ಮಾತ್ರವಲ್ಲ. ಕೆಲಸದ ನಿಮಿತ್ತ ಹೋಗುವ ಜಾಗ, ಅದಕ್ಕಾಗಿ ಕಂಪನಿ ಕೊಡುವ ವಾಹನ ಕೂಡ ಸೇರುತ್ತದೆ. ಹಾಗಾಗಿ ಕಂಪನಿ ಕಳಿಸಿ ಸಮಾವೇಶಕ್ಕೆ ಬಂದವರಿಗೂ ಇದು ಅನ್ವಯಿಸುತ್ತದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷರು ಮಹಿಳೆ ಆಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು, ಜೊತೆಗೆ ಹೊರಗಿನವರೊಬ್ಬರು. ಅಷ್ಟು ಜನ ಇಲ್ಲದ ಕಡೆಯವರಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ. ಘಟನೆ ನಡೆದ ಮೂರು ತಿಂಗಳೊಳಗೆ ಬರೆದು ದೂರು ಕೊಡಬೇಕು. ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ವಿಸ್ತರಿಸಬಹುದು. ಕಾಲೇಜುಗಳೂ ಈ ಕಾಯ್ದೆಯ ಒಳಗೇ ಬರುತ್ತವೆ. ಹಾಗಾಗಿ ಹಾಲ್ ಕೊಟ್ಟ ಕಾಲೇಜಿನ ಸಮಿತಿಯವರು ಯಾರು ಅಂತ ಮುಂಚೆಯೇ ಕೇಳಿಟ್ಟುಕೊಳ್ಳಿ. ದೂರು ಕೊಟ್ಟವಳ ಹೆಸರು ಹೊರಗೆ ಬಿಡುವುದು ಕಾಯ್ದೆಯ ಪ್ರಕಾರವೇ ತಪ್ಪು.

ತುರ್ತು ಆದರೆ 112. ಮಹಿಳಾ ಸಹಾಯವಾಣಿ 181.

ಭಾಗವಹಿಸಿದವರದ್ದೆಲ್ಲಾ ಒಂದು ವಾಟ್ಸಾಪ್ ಗ್ರೂಪ್ ಮಾಡಬಹುದಾ?

ಬೇಡ. ನಾವು ಮಾಡಿದ್ದೆವು. ಅವತ್ತು ರಾತ್ರಿಯೇ ಹುಡುಗಿಯರಿಗೆ ಗೊತ್ತಿಲ್ಲದ ನಂಬರ್‌ಗಳಿಂದ "ಹಾಯ್", "ಊಟ ಆಯ್ತಾ". ಊಟ ಆಗಿತ್ತೋ ಬಿಟ್ಟಿತ್ತೋ, ಆ ಗ್ರೂಪ್‌ನಿಂದ ಬೆಳಗಾಗುವುದರೊಳಗೆ ಅವರೆಲ್ಲ ಹೊರಗೆ ಹೋಗಿದ್ದರು. ಸೂಚನೆ ಕೊಡಲು ಸದಸ್ಯರ ನಂಬರ್ ಒಬ್ಬರಿಗೊಬ್ಬರಿಗೆ ಕಾಣದ ಚಾನೆಲ್ ಸಾಕು. ನೋಂದಣಿ ಪಟ್ಟಿಯನ್ನು ಕೇಳದೆ ಪ್ರಾಯೋಜಕರಿಗೆ ಕೊಡಬೇಡಿ. ಬ್ಯಾಡ್ಜ್ ಮೇಲೆ ಫೋನ್ ನಂಬರ್ ಬೇಡ.

ಫೋಟೋ ಬೇಡ ಅನ್ನುವವರಿಗೆ ಬೇರೆ ಬಣ್ಣದ ದಾರದ ಬ್ಯಾಡ್ಜ್ ಕೊಡಿ. ಫೋಟೋ ತೆಗೆಯುವವರಿಗೆ ಅದನ್ನು ಮೊದಲೇ ಹೇಳಿ, ಎರಡು ಸಲ ಹೇಳಿ.

ಹಾಗಾದರೆ ಗಂಡಸರು ಮಾತಾಡಿಸಲೇಬಾರದಾ?

ಮಾತಾಡಿಸಿ ಮಾರಾಯರೇ! ಸಮಾವೇಶಕ್ಕೆ ಬರುವುದೇ ಮಾತಾಡಲು. "ಯಾವ ಕಾಲೇಜು, ಯಾವ ಊರು, ಮದುವೆ ಆಯ್ತಾ" ಬದಲು "ಈಗ ಏನು ಕಟ್ಟುತ್ತಿದ್ದೀರಾ?" ಅಂತ ಶುರು ಮಾಡಿ. ಸ್ಟಾಲ್‌ನಲ್ಲಿ ಗಂಡ ಹೆಂಡತಿ ನಿಂತಿದ್ದರೆ ಇಂಜಿನಿಯರ್ ಅವನೇ ಅಂತ ಊಹಿಸಬೇಡಿ. ನನ್ನ ಗಂಡ ಅಕೌಂಟೆಂಟ್. ನನ್ನ ಪಕ್ಕ ನಿಂತ ತಪ್ಪಿಗೆ ಎಷ್ಟೋ ಸಲ ಅವರಿಗೆ ಎಪಿಐ ವಿವರಿಸಿದ್ದಾರೆ.

ಎರಿಕ್ ಹೋಲ್ಷರ್ ಹೇಳಿದ ಪ್ಯಾಕ್‌ಮ್ಯಾನ್ ನಿಯಮ ಅಂತ ಒಂದಿದೆ. ಗುಂಪಾಗಿ ನಿಂತು ಮಾತಾಡುವಾಗ ಪೂರ್ತಿ ವೃತ್ತ ಮಾಡಬೇಡಿ, ಪ್ಯಾಕ್‌ಮ್ಯಾನ್ ಅನ್ನುವ ವಿಡಿಯೋ ಗೇಮ್‌ನ ಬಾಯಿ ತೆರೆದ ಗೊಂಬೆಯ ಹಾಗೆ ಒಬ್ಬರು ಸೇರುವಷ್ಟು ಜಾಗ ಬಿಡಿ. ಯಾರಾದರೂ ಬಂದು ಸೇರಿದರೆ ಮತ್ತೆ ಸ್ವಲ್ಪ ಜರುಗಿ. ನಮ್ಮ ಜಗಲಿಕಟ್ಟೆಯಲ್ಲಿ "ಬನ್ನಿ, ಕೂತ್ಕೊಳ್ಳಿ" ಅಂತ ಸರಿದು ಕೂರುವುದು ಇದೇ ಅಲ್ವಾ?

ರಾತ್ರಿಯೆಲ್ಲಾ ಕೂತು ಕೋಡ್ ಬರೆಯುವ ಸ್ಪರ್ಧೆ, ಅಂದರೆ ಹ್ಯಾಕಥಾನ್?

24 ಗಂಟೆ ಎಚ್ಚರ ಇದ್ದರೆ ಒಳ್ಳೆಯ ಕೋಡ್ ಬರತ್ತೆ ಅಂತ ಯಾರು ಹೇಳಿದರೋ. ಹಾಸ್ಟೆಲ್ ಗೇಟು, ಪಿಜಿ ಗೇಟು ರಾತ್ರಿ ಮುಚ್ಚುತ್ತವೆ. ಎರಡು ಹಗಲು ಮಾಡಿ. ಹುಡುಗರ ಅಮ್ಮಂದಿರೂ ಖುಷಿಯಾಗುತ್ತಾರೆ.

ಹೆಣ್ಣುಮಕ್ಕಳಿಗೆ ಮಾತ್ರ ಅಂತ ಪ್ರತ್ಯೇಕ ಕಾರ್ಯಕ್ರಮ ಸರಿಯಾ?

ಕಲಿಯುವ ಮೊದಲ ಮೆಟ್ಟಿಲಿಗೆ ತುಂಬಾ ಸಹಾಯ ಮಾಡುತ್ತದೆ. ಅನಿತಾ ಬೋರ್ಗ್ ಮತ್ತು ಟೆಲ್ ವಿಟ್ನಿ 1994ರಲ್ಲಿ ಕಂಪ್ಯೂಟರ್ ಕ್ಷೇತ್ರದ ಮಹಿಳೆಯರಿಗಾಗಿ ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ ಹೆಸರಿನ ಸಮಾವೇಶ ಶುರು ಮಾಡಿದರು. ಹೆಣ್ಣುಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಜ್ಯಾಂಗೋ ಗರ್ಲ್ಸ್ 2014ರಲ್ಲಿ ಬರ್ಲಿನ್‌ನಲ್ಲಿ ಒಂದು ಕಾರ್ಯಾಗಾರವಾಗಿ ಹುಟ್ಟಿ ಊರೂರಿಗೆ ಹರಡಿತು. ಪ್ರಶ್ನೆ ದಡ್ಡತನದ್ದಾಯಿತೇನೋ ಅನ್ನುವ ಹೆದರಿಕೆ ಅಂಥ ಕಡೆ ಕಡಿಮೆ. ನಾವು ಸಮಾವೇಶದ ಹಿಂದಿನ ದಿನ ಅರ್ಧ ದಿನದ ಕಾರ್ಯಾಗಾರ ಇಡುತ್ತೇವೆ. ಲಾಭ ಏನೆಂದರೆ, ಮಾರನೇ ದಿನ ಹಾಲ್‌ಗೆ ಕಾಲಿಟ್ಟಾಗ ನಾಲ್ಕು ಪರಿಚಯದ ಮುಖ ಇರುತ್ತವೆ.

ಮಗು ಇರುವ ಅಮ್ಮಂದಿರಿಗೆ?

ಒಂದು ರೂಮು, ಚಾಪೆ, ಒಳಗಿಂದ ಚಿಲಕ, ಬಿಸಿನೀರಿನ ಫ್ಲಾಸ್ಕ್. ಹಾಲೂಡಿಸಲು ಇಷ್ಟು ಸಾಕು. ಮಗು ನೋಡಿಕೊಳ್ಳಲು ಅಜ್ಜಿ ಜೊತೆಗೆ ಬಂದರೆ ಅಜ್ಜಿಗೆ ಟಿಕೆಟ್ ಇಲ್ಲ. ಒಮ್ಮೆ ಐದು ತಿಂಗಳ ಕೂಸಿನ ತಾಯಿ ನಮ್ಮಲ್ಲಿ ಮಾತಾಡಿದರು. ಪ್ರಶ್ನೋತ್ತರದ ನಡುವೆ ಕೂಸು ಅಳಲು ಶುರು ಮಾಡಿತು. ಅವರು ಎತ್ತಿಕೊಂಡು ತಟ್ಟುತ್ತಲೇ ಲೋಡ್ ಬ್ಯಾಲೆನ್ಸರ್ ಬಗ್ಗೆ ಉತ್ತರ ಮುಗಿಸಿದರು.

ಇದೆಲ್ಲ ಹೊರದೇಶದ ಆಮದು ಅಲ್ವಾ?

1974ರಲ್ಲಿ ಟಾಟಾದವರ ಟೆಲ್ಕೋ ಕಂಪನಿಯ ಉದ್ಯೋಗ ಜಾಹೀರಾತಿನಲ್ಲಿ ಮಹಿಳೆಯರು ಅರ್ಜಿ ಹಾಕಬೇಕಿಲ್ಲ ಅಂತ ಇದ್ದದ್ದನ್ನು ನೋಡಿ ಜೆ.ಆರ್.ಡಿ. ಟಾಟಾ ಅವರಿಗೆ ನೇರವಾಗಿ ಕಾರ್ಡ್ ಬರೆದವರು ನಮ್ಮ ಶಿಗ್ಗಾವಿಯ ಸುಧಾ ಮೂರ್ತಿ. ಅದಕ್ಕೂ ಮೊದಲು, 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಅನ್ನಿಸಿಕೊಂಡು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಕಲಿಸಿದರು. ಆಮದು ಆಗಿರುವುದು ಕೊರಳಿಗೆ ಬ್ಯಾಡ್ಜ್ ತೂಗುಹಾಕುವ ಲ್ಯಾನ್ಯಾರ್ಡ್ ಒಂದೇ.

ನಮ್ಮ ಕಾರ್ಯಕ್ರಮ ಮುಂದಿನ ವಾರವೇ ಇದೆ, ದುಡ್ಡೂ ಇಲ್ಲ. ಈಗ ಏನು ಮಾಡಬಹುದು?

ಅರ್ಧ ಗಂಟೆ ಮುಂಚೆಯೇ ಮುಗಿಯುವ ಹಾಗೆ ಮಾಡಿ. ದೂರು ಕೇಳುವ ಇಬ್ಬರನ್ನು ಇವತ್ತೇ ಗೊತ್ತು ಮಾಡಿ. ವಾಟ್ಸಾಪ್ ಗ್ರೂಪ್ ಮಾಡಿದ್ದರೆ ಸಂಘಟಕರು ಮಾತ್ರ ಬರೆಯುವ ಚಾನೆಲ್ ಮಾಡಿ, ಗ್ರೂಪ್ ಮುಚ್ಚಿ. ಹೋದ ವರ್ಷ ಬಂದು ಈ ವರ್ಷ ನೋಂದಾಯಿಸದ ಐದು ಹೆಣ್ಣುಮಕ್ಕಳಿಗೆ ಫೋನ್ ಮಾಡಿ, ಯಾಕೆ ಅಂತ ಕೇಳಿ, ವಾದ ಮಾಡದೆ ಕೇಳಿಸಿಕೊಳ್ಳಿ. ನಾಳೆ ಹಾಲ್ ಕಡೆ ಹೋದಾಗ ವಾಚ್‌ಮನ್ ಜೊತೆ ಒಂದು ಟೀ ಕುಡಿಯಿರಿ. ಹೆಂಗಸರ ಟಾಯ್ಲೆಟ್ ಬೀಗದ ಕೈ ಯಾರ ಹತ್ತಿರ ಇರತ್ತೆ, ಅವರು ಊಟಕ್ಕೆ ಹೋದಾಗ ಯಾರಿಗೆ ಕೊಟ್ಟು ಹೋಗ್ತಾರೆ ಅಂತ ಕೇಳಿಕೊಂಡು ಬನ್ನಿ.